ಬಿಸುವಿಗೆ ಮೊದಲು ಹಿತ್ತಿಲಲ್ಲಿ ಎಂತ ನೆಡುದು? ತೋಟಗಾರಿಕಾ ತಜ್ಞರಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಮಾರ್ಚ್ 3, ತುಳುವರ ಹೊಸ ವರ್ಷ ಬಿಸುವಿಗೆ ಇನ್ನು ಆರು ವಾರ. ಬೇಸಿಗೆ ತರಕಾರಿ, ಹಣ್ಣಿನ ಗಿಡ ಎರಡರ ಬಗ್ಗೆಯೂ ಮೇಡಂ ಉತ್ತರಿಸುತ್ತಾರೆ. ಹೆಸರು ಬೇಡ, ಊರು ಬರೆದರೆ ಸಾಕು. ಫೋಟೊ ಹಾಕುವವರು ಎಲೆಯ ಅಡಿಭಾಗವನ್ನೂ ತೋರಿಸಿ.

ಮೂಡುಬಿದಿರೆ: ಮೇಡಂ, ಬಿಸು ದಿನ ಬೆಳಿಗ್ಗೆ ಮೊದಲು ನೋಡುವ ಕಣಿಗೆ ಮನೆಯದ್ದೇ ಸೌತೆಕಾಯಿ ಇಡ್ಬೇಕು ಅಂತ ಆಸೆ. ಈಗ ಬೀಜ ಹಾಕಿದ್ರೆ ಸಿಕ್ಕೀತಾ?

ತಜ್ಞೆ: ಸಿಗ್ಲಿಕ್ಕಿಲ್ಲ. ನಮ್ಮ ಊರಿನ ಸೌತೆ ಬಲಿತು ಬಣ್ಣ ಬರ್ಲಿಕ್ಕೆ 65ರಿಂದ 75 ದಿನ ಬೇಕು, ಬಿಸುವಿಗೆ ಉಳಿದದ್ದು ಆರೇ ವಾರ. ಕಣಿಗೆ ಬೇಕಾದ್ರೆ ಜನವರಿಯಲ್ಲೇ ಬೀಜ ಬೀಳಬೇಕಿತ್ತು. ಆದ್ರೂ ಈಗ ಹಾಕಿ. ಮೇ ಮಧ್ಯಕ್ಕೆ ಕೊಯ್ಲಿಗೆ ಬರ್ತದೆ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಕೊಯ್ದು, ತೊಟ್ಟು ಮುರಿಯದ ಹಾಗೆ ಕಟ್ಟಿ ತೂಗುಹಾಕಿದ್ರೆ ಮಳೆಗಾಲದ ಹುಳಿಗೆ ಆಗ್ತದೆ. ಬಿಸುವಿಗೆ ಹರಿವೆ ಖಂಡಿತ ಸಿಗ್ತದೆ, 25-30 ದಿನ ಸಾಕು. ಬೆಂಡೆ ಈ ವಾರವೇ ಹಾಕಿದ್ರೆ ಒಂದೆರಡು ಎಳೆಕಾಯಿ ಕಾಣಬಹುದು. ಬೆಂಡೆಬೀಜ ರಾತ್ರಿ ನೆನೆಸಿ, ಒಂದು ಇಂಚು ಆಳಕ್ಕೆ ಹಾಕಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಬೇಸಿಗೆಯಲ್ಲಿ ಬಿಳಿನೊಣ ಹಳದಿ ನಂಜುರೋಗ ತರ್ತದೆ. ಅದಕ್ಕೆ ಅರ್ಕಾ ಅನಾಮಿಕಾದಂತಹ ತಡೆಯುವ ತಳಿ ನೋಡಿ ತನ್ನಿ.

ಉಳ್ಳಾಲ: ಅಲಸಂಡೆ ಕುಡಿಯಲ್ಲಿ ಕಪ್ಪು ಹೇನು ತುಂಬಿದೆ ಮೇಡಂ. ಇರುವೆಯೂ ಸಾಲಾಗಿ ಹೋಗ್ತಾ ಉಂಟು.

ತಜ್ಞೆ: ಹೇನು ಜಾಸ್ತಿ ಇರುವ ಕುಡಿ ಚಿವುಟಿ ಸಾಬೂನು ನೀರಿಗೆ ಹಾಕಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಮರುದಿನವೂ ಇದ್ರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ದ್ರವ ಸಾಬೂನು. ಮೊದಲು ಸ್ವಲ್ಪ ನೀರಿನಲ್ಲಿ ಸಾಬೂನು ಕಲಸಿ, ಅದಕ್ಕೆ ಎಣ್ಣೆ ಹಾಕಿ ಬೆಳ್ಳಗೆ ಆಗುವವರೆಗೆ ಕಡೆಯಿರಿ, ಆಮೇಲೆ ಉಳಿದ ನೀರು. ಎಣ್ಣೆ ನೇರ ನೀರಿಗೆ ಹಾಕಿದ್ರೆ ಮೇಲೆ ತೇಲ್ತದೆ, ಕೊನೆಗೆ ಸ್ಪ್ರೇಯರಿನಲ್ಲಿ ಬರುವುದು ಬರೀ ಎಣ್ಣೆ, ಎಲೆ ಸುಡ್ತದೆ. ಸಂಜೆ 5ರ ಮೇಲೆ ಮಾತ್ರ ಹೊಡೆಯಿರಿ. ಇರುವೆ ಹೇನಿನ ಸಿಹಿ ನೀರಿಗೆ ಬರುವುದು, ಹೇನು ಹೋದ್ರೆ ಅದೂ ಹೋಗ್ತದೆ.

ಬಿಜೈ: ತಾರಸಿಯಲ್ಲಿ ಡ್ರಮ್ಮಿನಲ್ಲಿ ಲಿಂಬೆ ಗಿಡ ಉಂಟು. ನಾಲ್ಕು ವರ್ಷ ಆಯ್ತು, ಹೂವೇ ಇಲ್ಲ. ಏನು ಮಾಡಬೇಕು?

ಕಟಪಾಡಿ: ಮೇಡಂ, 22 ಗುಳ್ಳದ (ಉರುಟು ಬದನೆಯ) ಗಿಡ ನೆಟ್ಟಿದ್ದೆವು, ಕಾಯಿ ಬಿಡ್ತಾ ಇತ್ತು. ನಾಲ್ಕು ದಿನದಿಂದ ಒಂದೊಂದೇ ಬಾಡ್ತಾ ಉಂಟು. ಎಲೆ ಹಸಿರೇ, ಹಳದಿ ಆಗ್ಲಿಲ್ಲ. ಮಧ್ಯಾಹ್ನ ಜೋತು ಬೀಳ್ತದೆ, ಸಂಜೆ ಸರಿ ಆಗ್ತದೆ, ಮೂರನೇ ದಿನ ಏಳುದಿಲ್ಲ. ಇವತ್ತಿಗೆ 7 ಗಿಡ ಹೋಯ್ತು. ನೀರು ಕಡಿಮೆ ಆಯ್ತೆಂದು ಎರಡು ಹೊತ್ತು ಬಿಟ್ಟೆವು. ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬ್ಲೀಚಿಂಗ್ ಪೌಡರನ್ನು ಗೋಮೂತ್ರದಲ್ಲಿ ಕದಡಿ ಬುಡಕ್ಕೆ ಹಾಕಿ ಅಂತ ಬಂದಿತ್ತು. ಬೆಳಿಗ್ಗೆ ಬಕೆಟಿನಲ್ಲಿ ಕಲಸಿದ್ದೇವೆ, ಸಂಜೆ ಹಾಕ್ಬೇಕು. ಕಲಸುವಾಗ ನಮ್ಮವರಿಗೆ ಕಣ್ಣು ಉರಿ, ಕೆಮ್ಮು ಬಂತು.

ತಜ್ಞೆ: ಅಕ್ಕ, ಬಕೆಟಿನ ಹತ್ತಿರ ಯಾರೂ ಹೋಗಬೇಡಿ. ಮೊದಲು ಅದು.

ಗೋಮೂತ್ರದಲ್ಲಿ ಅಮೋನಿಯಾ ಇರ್ತದೆ, ಹಳತಾದಷ್ಟೂ ಜಾಸ್ತಿ. ಬ್ಲೀಚಿಂಗ್ ಪೌಡರ್ ಅದಕ್ಕೆ ಸೇರಿದ್ರೆ ಕ್ಲೋರಮೈನ್ ಎಂಬ ವಿಷದ ಅನಿಲ ಏಳ್ತದೆ. ಕಣ್ಣು ಉರಿದದ್ದು, ಕೆಮ್ಮು ಬಂದದ್ದು ಅದರಿಂದಲೇ. ಬಕೆಟ್ ಒಳಗೆ ಇದ್ರೆ ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಅಂಗಳದಲ್ಲಿದ್ರೆ ಅಲ್ಲೇ ಇರಲಿ. ಮುಚ್ಚಳ ಬಿಗಿಯಬೇಡಿ, ಒತ್ತಡ ತುಂಬ್ತದೆ. ವಿನೆಗರ್, ಟಾಯ್ಲೆಟ್ ಆ್ಯಸಿಡ್, ಲಿಂಬೆರಸ ಏನೂ ಸುರಿಯಬೇಡಿ, ಆ್ಯಸಿಡ್ ಬಿದ್ರೆ ಕ್ಲೋರಿನ್ ಬರ್ತದೆ. ನಿಮ್ಮ ಯಜಮಾನರಿಗೆ ಈಗಲೂ ಕೆಮ್ಮು, ಎದೆ ಬಿಗಿತ, ಉಬ್ಬಸ ಇದ್ರೆ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಏನು ಏನಕ್ಕೆ ಕಲಸಿದ್ದು ಅಂತ ಡಾಕ್ಟರಿಗೆ ಹೇಳಿ.

ಈಗ ಗಿಡ. ನೀವು ಹೇಳಿದ ಲಕ್ಷಣ ನೋಡಿದ್ರೆ ಬ್ಯಾಕ್ಟೀರಿಯಾ ಸೊರಗು ರೋಗ. ಆದ್ರೆ ಫೋಟೊ ನೋಡಿ ತೀರ್ಮಾನ ಹೇಳುದಿಲ್ಲ, ಬಾಡುವುದಕ್ಕೆ ನಾಲ್ಕು ಕಾರಣ ಇರ್ತದೆ. ನಿನ್ನೆ ಬಾಡಿದ ಒಂದು ಗಿಡ ಬೇರು ಸಮೇತ ಕೀಳಿ. ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಗಂಟು ಇದ್ರೆ ಜಂತುಹುಳ. ಬುಡದಲ್ಲಿ ಬಿಳಿ ನೂಲು, ಸಾಸಿವೆ ಕಾಳಿನ ಹಾಗೆ ಕಂದು ಉಂಡೆ ಇದ್ರೆ ಶಿಲೀಂಧ್ರದ ಬುಡಕೊಳೆ. ತುದಿ ಮಾತ್ರ ಬಾಡಿ, ದಂಟಿನಲ್ಲಿ ತೂತು ಇದ್ರೆ ಕುಡಿ ಕೊರಕ, ಆಗ ತೂತಿನಿಂದ ಒಂದು ಇಂಚು ಕೆಳಗೆ ಕತ್ತರಿಸಿ ಸುಟ್ರೆ ಗಿಡ ಉಳೀತದೆ.

ಈ ಮೂರೂ ಅಲ್ಲದಿದ್ರೆ ಗ್ಲಾಸಿನ ಪರೀಕ್ಷೆ. ನೆಲದಿಂದ ಸ್ವಲ್ಪ ಮೇಲಿನ ದಂಟಿನ ಎರಡು ಇಂಚು ತುಂಡು ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಗಾಜಿನ ಲೋಟಕ್ಕೆ ತಿಳಿ ನೀರು ತುಂಬಿ, ತುಂಡಿನ ಕೆಳತುದಿ ನೀರಿಗೆ ತಾಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ, ಹಿಂದೆ ಕಪ್ಪು ಬಟ್ಟೆ ಇಡಿ. ಐದು ಹತ್ತು ನಿಮಿಷದಲ್ಲಿ ತುದಿಯಿಂದ ಹಾಲಿನ ಎಳೆ ಇಳಿದ ಹಾಗೆ ಬಿಳಿ ನೂಲು ಕೆಳಗೆ ಬಂದ್ರೆ ಬ್ಯಾಕ್ಟೀರಿಯಾ, ಅನುಮಾನ ಬೇಡ.

ಅದೇ ಆದ್ರೆ ಬಾಡಿದ ಗಿಡಕ್ಕೆ ಮದ್ದಿಲ್ಲ. ರೋಗ ದಂಟಿನ ನೀರಿನ ನಾಳದೊಳಗೆ ಕೂತಿರ್ತದೆ, ಮೇಲೆ ಏನು ಹೊಡೆದ್ರೂ ತಲುಪುದಿಲ್ಲ. ನೀವು ಎರಡು ಹೊತ್ತು ನೀರು ಬಿಟ್ಟದ್ದು ರೋಗವನ್ನು ಪಕ್ಕದ ಬುಡಕ್ಕೆ ದಾಟಿಸ್ತದೆ. ಗಿಡದಿಂದ ಗಿಡಕ್ಕೆ ನೀರು ಹೋಗುವ ಓಳಿ ಇವತ್ತೇ ಮುಚ್ಚಿ, ಉಳಿದ ಗಿಡಕ್ಕೆ ಬುಡಕ್ಕೆ ಮಾತ್ರ ಪ್ರತ್ಯೇಕವಾಗಿ ಹಾಕಿ. ಸತ್ತದ್ದನ್ನು ಬೇರಿನ ಮಣ್ಣು ಸಮೇತ ಚೀಲಕ್ಕೆ ತುಂಬಿ ಒಣಗಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಹಾರೆ, ಕತ್ತಿಯನ್ನು ತೊಳೆದು ಬೆಂಕಿಯಲ್ಲಿ ಬಿಸಿಮಾಡಿ.

ಕಾರ್ಕಳ: ಮೇಡಂ, ಆ ಮೆಸೇಜ್ ನನಗೂ ಬಂದಿದೆ. ತುಂಬ ಜನ ಮಾಡಿ ಒಳ್ಳೆದಾಗಿದೆ ಅಂತ ಬರೆದಿದ್ದಾರೆ. ಗೋಮೂತ್ರದಲ್ಲಿ ವಿಷ ಅಂತ ಹೇಳುದು ಸರಿಯಲ್ಲ.

ತಜ್ಞೆ: ಗೋಮೂತ್ರ ವಿಷ ಅಂತ ನಾನು ಬರೀಲಿಲ್ಲ. ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ ಧಾರಾಳ ಬಳಸಿ. ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬೇಡಿ. ಒಬ್ಬರಿಗೆ ಈಗ ಕೆಮ್ಮು ಬಂದಿದೆ, ಆ ಮೆಸೇಜನ್ನು ಮುಂದೆ ಕಳಿಸಬೇಡಿ.

ಸುರತ್ಕಲ್: ಹಾಗಲಕಾಯಿಗೆ ನೊಣದ ಟ್ರ್ಯಾಪ್ ಕಟ್ಟಿದ್ದೇನೆ. ಡಬ್ಬಿಯೊಳಗೆ ನೂರಾರು ನೊಣ ಸತ್ತಿದೆ. ಆದ್ರೂ ಕಾಯಿ ಹಳದಿಯಾಗಿ ಒಳಗೆ ಹುಳ.

ತಜ್ಞೆ: ಟ್ರ್ಯಾಪಿನ ಪೊಟ್ಟಣದಲ್ಲಿ ಎಂತ ಬರೆದಿದೆ ನೋಡಿ.

ಸುರತ್ಕಲ್: ಮೀಥೈಲ್ ಯುಜೆನಾಲ್.

ತಜ್ಞೆ: ಅದು ಮಾವು, ಪೇರಳೆಯ ನೊಣಕ್ಕೆ. ನಿಮ್ಮ ಡಬ್ಬಿಯಲ್ಲಿರುವುದು ಮಾವಿನ ಮರದಿಂದ ಬಂದ ಗಂಡು ನೊಣ. ಹಾಗಲ, ಪಡುವಲ, ಹೀರೆ, ಸೌತೆಗೆ ಕ್ಯೂ ಲ್ಯೂರ್ ಬೇಕು, ಹೆಸರು ಹೇಳಿ ಕೇಳಿ. ಚಪ್ಪರದ ನೆರಳಿನಲ್ಲಿ ನಾಲ್ಕೈದು ಅಡಿ ಎತ್ತರಕ್ಕೆ ಕಟ್ಟಿ. ಅದೂ ಗಂಡನ್ನು ಮಾತ್ರ ಹಿಡಿಯುವುದು, ಮೊಟ್ಟೆಯಿಡುವ ಹೆಣ್ಣು ಆಚೆ ಮನೆಯಿಂದ ಬರ್ತದೆ. ಹಾಗಾಗಿ ಹೂ ಉದುರಿ ಮಿಡಿ ಬೆರಳುದ್ದ ಆಗುವ ಮೊದಲೇ ಪೇಪರ್ ಚೀಲ ಕಟ್ಟಿ. ಹುಳ ಹಿಡಿದ ಕಾಯಿಯನ್ನು ಹಿತ್ತಿಲಿಗೆ ಎಸೆಯಬೇಡಿ, ಹುಳ ಮಣ್ಣಿಗಿಳಿದು ಕೋಶವಾಗ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಬಿಸಿಲಿಗಿಡಿ.

ಕಿನ್ನಿಗೋಳಿ: ಅಲಸಂಡೆಗೆ ಕಪ್ಪು ಹೇನು ಬಂದಿದೆ, ಪರಿಹಾರ ತಿಳಿಸಿ.

ತಜ್ಞೆ: ಮೇಲೆ ಉಳ್ಳಾಲದವರಿಗೆ ಬರೆದಿದ್ದೇನೆ.

ಮಣಿಪಾಲ: ಪಪ್ಪಾಯಿ ಕಾಯಿ ಗಂಟು ಗಂಟಾಗಿ ಸೊಟ್ಟ ಆಗ್ತಾ ಉಂಟು, ಎಳೆಕಾಯಿಯಿಂದ ಹಾಲು ಸೋರ್ತದೆ. ವೈರಸ್ಸಾ?

ತಜ್ಞೆ: ಕುಡಿ ಎಲೆ ಚೆನ್ನಾಗಿದ್ರೆ ವೈರಸ್ ಅಲ್ಲ, ಬೋರಾನ್ ಕೊರತೆ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಮಳೆಗೆ ಬೋರಾನ್ ತೊಳೆದು ಹೋಗಿರ್ತದೆ. ಒಂದು ಗಿಡಕ್ಕೆ 5 ಗ್ರಾಂ ಬೊರಾಕ್ಸ್, ಅಂದ್ರೆ ಒಂದು ಸಣ್ಣ ಚಮಚ, ನೀರಲ್ಲಿ ಕರಗಿಸಿ ಬುಡದಿಂದ ಒಂದಡಿ ದೂರ ಸುತ್ತ ಹಾಕಿ. ಒಮ್ಮೆ ಮಾತ್ರ. ಬೋರಾನ್ ಸಾಕಾಗುವುದಕ್ಕೂ ಹೆಚ್ಚಾಗುವುದಕ್ಕೂ ಅಂತರ ಸಣ್ಣದು, ಹೆಚ್ಚಾದ್ರೆ ಎಲೆಯಂಚು ಸುಡ್ತದೆ. ಈಗ ಸೊಟ್ಟ ಆದ ಕಾಯಿ ನೆಟ್ಟಗಾಗುದಿಲ್ಲ. ಕುಡಿ ಎಲೆಯಲ್ಲಿ ಹಳದಿ ಮಚ್ಚೆ, ಕಾಯಿಯಲ್ಲಿ ಉಂಗುರ ಇದ್ರೆ ಅದು ವೈರಸ್, ಆಗ ಗಿಡ ಕಡಿಯಿರಿ.

ಕಾರ್ಕಳ: ಮಾವಿನ ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆದ್ರೆ ಮಿಡಿ ಉದುರುದು ನಿಲ್ತದೆ, ವಿಡಿಯೋ ಉಂಟು. ಹಾಕ್ತೇನೆ.

ತಜ್ಞೆ: ಹಾಕಬೇಡಿ. ಮೊಳೆಯ ಗಾಯದಿಂದ ಕಾಂಡ ಕೊರೆಯುವ ಹುಳವೂ ಕೊಳೆರೋಗವೂ ಒಳಗೆ ಹೋಗ್ತದೆ. ಬಟಾಣಿ ಗಾತ್ರದ ಮಿಡಿ ಉದುರುವುದು ಸಹಜ, ಬಂದ ಹೂವೆಲ್ಲ ಕಾಯಿ ಆದ್ರೆ ಕೊಂಬೆಗೆ ಭಾರ ತಡೆಯುದಿಲ್ಲ. ವಾರಕ್ಕೊಮ್ಮೆ ನೀರು, ಬುಡಕ್ಕೆ ತರಗೆಲೆ, ಅಷ್ಟೇ.

ಬ್ರಹ್ಮಾವರ: ಕಟಪಾಡಿ ಅಕ್ಕ, ಗುಳ್ಳ ನಿಮ್ಮಲ್ಲಿ ಬೆಳೆದ್ರೂ ಅದು ಮಟ್ಟು ಗುಳ್ಳ ಅಲ್ಲ. ಮಟ್ಟು ಊರಿನ ಮಣ್ಣು ಬೇರೆ. ಎಲ್ಲ ಕಡೆ ಬೆಳೆದು ಅದೇ ಹೆಸರಿನಲ್ಲಿ ಮಾರುವುದರಿಂದ ನಿಜವಾದ ಬೆಳೆಗಾರರಿಗೆ ಬೆಲೆ ಸಿಗುದಿಲ್ಲ. 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದ್ದು ಯಾಕೆ ಮತ್ತೆ?

ಕಟಪಾಡಿ: ನಾವು ಮಾರುದಿಲ್ಲ. ಹುಳಿಗೆ ಹಾಕ್ಲಿಕ್ಕೆ ನೆಟ್ಟದ್ದು. ಮಟ್ಟು ಇಲ್ಲಿಂದ ಎಷ್ಟು ದೂರ ಉಂಟು ಹೇಳಿ ನೋಡುವ.

ಬ್ರಹ್ಮಾವರ: ದೂರದ ಪ್ರಶ್ನೆ ಅಲ್ಲ. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದು ಮಟ್ಟುವಿನವರಿಗೆ.

ಉಳ್ಳಾಲ: ಬೀಜಕ್ಕೆ ಊರಿನ ಗಡಿ ಗೊತ್ತುಂಟಾ ಮಾರಾಯ್ರೆ? ಹೆಸರಿನಲ್ಲಿ ಮಾರಿದ್ರೆ ತಪ್ಪು, ಮನೆಗೆ ನೆಟ್ರೆ ಎಂತ ತಪ್ಪು?

ಬ್ರಹ್ಮಾವರ: ನಿಮಗೆ ವಿಷಯ ಗೊತ್ತಿಲ್ಲದಿದ್ರೆ ಸುಮ್ಮನಿರಿ.

ಉಳ್ಳಾಲ: ನೀವೇ ಸುಮ್ಮನಿರಿ. ಅವರ ಗಿಡ ಸಾಯ್ತಾ ಉಂಟು, ನಿಮಗೆ ಹೆಸರಿನ ಚಿಂತೆ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಬಿಜೈ: ನನ್ನ ಲಿಂಬೆಯ ಪ್ರಶ್ನೆ ಮೇಲೆ ಉಂಟು ಮೇಡಂ.

ಕಾರ್ಕಳ: ಬಿಜೈಯವರೇ, ಲಿಂಬೆಗೆ ಉಪ್ಪುನೀರು ಹಾಕಿ. ಹೂ ಬರ್ತದೆ.

ತಜ್ಞೆ: ಬೇಡ! ಲಿಂಬೆಗೆ ಉಪ್ಪು ತಡೆಯುದೇ ಇಲ್ಲ. ಡ್ರಮ್ಮಿನಲ್ಲಿ ಉಪ್ಪು ತೊಳೆದು ಹೋಗ್ಲಿಕ್ಕೆ ದಾರಿಯೂ ಇಲ್ಲ, ಎಲೆಯಂಚು ಒಣಗಿ ಗಿಡ ಸಾಯ್ತದೆ. ಕಾರ್ಕಳದವರೇ, ಇದು ಇವತ್ತಿನ ಮೂರನೇ ಸಲಹೆ. ನೀವು ಮಾಡಿ ನೋಡದ್ದನ್ನು ಇನ್ನೊಬ್ಬರ ಗಿಡಕ್ಕೆ ಹೇಳಬೇಡಿ.

ಕಾರ್ಕಳ: ಸಹಾಯ ಮಾಡ್ಲಿಕ್ಕೆ ಬಂದ್ರೆ ಹೀಗೆ ಮಾತಾಡುದಾ? ಹಿಂದಿನವರು ಪುಸ್ತಕ ಓದಿ ತೋಟ ಮಾಡಿದ್ದಲ್ಲ.

ತಜ್ಞೆ: ಹಿಂದಿನವರು ಸುಡುಮಣ್ಣು ಹಾಕಿದ್ರು, ಬೂದಿ ಹಾಕಿದ್ರು, ಹಟ್ಟಿಗೊಬ್ಬರ ಕಳಿಯಿಸಿ ಹಾಕಿದ್ರು. ಅದನ್ನು ಹೇಳಿ, ನಾನೂ ಹೌದು ಅಂತೇನೆ. ಮೊಳೆ, ಬ್ಲೀಚಿಂಗ್ ಪೌಡರ್ ಹಿಂದಿನವರದ್ದಲ್ಲ.

ಪಡುಬಿದ್ರಿ: ಅಲಸಂಡೆಗೆ ಹೇನು...

ತಜ್ಞೆ: ಮೇಲೆ ಓದಿ.

ಹೆಜಮಾಡಿ: ಬಾವಿ ನೀರು ಏಪ್ರಿಲಿಗೆ ಉಪ್ಪಾಗ್ತದೆ. ಆ ನೀರಲ್ಲಿ ಎಂತ ಬೆಳೆಯಬಹುದು?

ಕಟಪಾಡಿ: ಮೇಡಂ, ಲೋಟದಲ್ಲಿ ನೋಡಿದೆವು. ಬೇರಲ್ಲಿ ಗಂಟಿಲ್ಲ, ಬುಡದಲ್ಲಿ ನೂಲಿಲ್ಲ. ದಂಟು ಕತ್ತರಿಸಿದಲ್ಲಿ ಒಳಗೆ ಕಂದು ಉಂಗುರ ಇತ್ತು. ಆರು ನಿಮಿಷಕ್ಕೆ ಸಣ್ಣ ಬಿಳಿ ಎಳೆ ನೇರ ಕೆಳಗೆ ಇಳಿಯಿತು, ಆಮೇಲೆ ನೀರೇ ಮಸುಕಾಯ್ತು. ನಮ್ಮವರ ಕೆಮ್ಮು ನಿಂತಿದೆ.

ತಜ್ಞೆ: ಹಾಗಾದ್ರೆ ಸೊರಗು ರೋಗವೇ. ಚೆನ್ನಾಗಿ ನೋಡಿದ್ದೀರಿ.

ಆ ಜಾಗದಲ್ಲಿ ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಬೇಡ. ಶುಂಠಿಯೂ ಬೇಡ. ಉಳಿದ 15 ಗಿಡದ ಕಾಯಿ ಇರುವಷ್ಟು ದಿನ ಕೊಯ್ಯಿರಿ, ತಿನ್ನಲಿಕ್ಕೆ ತೊಂದರೆಯಿಲ್ಲ. ಆದ್ರೆ ಅದರಿಂದ ಸಸಿ ಮಾಡಬೇಡಿ. ಬೆಳೆ ತೆಗೆದ ಮೇಲೆ ಒಂದು ಚದರ ಮೀಟರಿಗೆ 50ರಿಂದ 100 ಗ್ರಾಂ ಚಿಪ್ಪಿನ ಸುಣ್ಣ ಅಥವಾ ಕೃಷಿ ಸುಣ್ಣ ಎರಚಿ ಮಣ್ಣಿಗೆ ಸೇರಿಸಿ, ನೀರು ಬಿಡಿ. ಹಟ್ಟಿಗೊಬ್ಬರ ಮೂರು ವಾರ ಬಿಟ್ಟು ಹಾಕಿ, ಒಟ್ಟಿಗೆ ಹಾಕಿದ್ರೆ ಸಾರಜನಕ ಅಮೋನಿಯಾ ಆಗಿ ಹಾರಿ ಹೋಗ್ತದೆ. ಸುಣ್ಣದಿಂದ ರೋಗ ಸಾಯುದಿಲ್ಲ. ಹುಳಿ ಮಣ್ಣು ಸ್ವಲ್ಪ ಸರಿಯಾಗಿ ಮುಂದಿನ ಬೆಳೆಯ ಬೇರು ಗಟ್ಟಿಯಾಗ್ತದೆ.

ಗುಳ್ಳ ಬೇಕೇ ಬೇಕು ಅಂತಾದ್ರೆ ಕಾಡು ಸುಂಡೆಯ ಬೇರಿಗೆ ಕಸಿ ಕಟ್ಟಿ, ಬೇರೆ ಜಾಗದಲ್ಲಿ. ಸುಂಡೆ ಬೀಜ ನಿಧಾನ ಮೊಳೀತದೆ, ಗುಳ್ಳಕ್ಕಿಂತ ಮೂರ್ನಾಲ್ಕು ವಾರ ಮೊದಲೇ ಹಾಕಿ. ಎರಡೂ ದಂಟು ಒಂದೇ ದಪ್ಪ ಆದಾಗ ಸುಂಡೆಯನ್ನು ಸೀಳಿ, ಗುಳ್ಳದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ, ಕ್ಲಿಪ್ ಹಾಕಿ. ಹತ್ತು ದಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ನೆರಳಲ್ಲಿರಲಿ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಮಣ್ಣಿಗೆ ತಾಗಿದ್ರೆ ಗುಳ್ಳವೇ ಬೇರು ಬಿಟ್ಟು ರೋಗ ಹತ್ತಿಸಿಕೊಳ್ತದೆ, ಪಟ್ಟ ಶ್ರಮ ದಂಡ. ಗುಳ್ಳ ನೆಡುವ ಕಾಲ ಭತ್ತ ಕೊಯ್ದ ಮೇಲೆ, ಈಗಲ್ಲ. ಅಲ್ಲಿವರೆಗೆ ಸಮಯ ಉಂಟು.

ಕಟಪಾಡಿ: ಆ ಸಾಲಿನಲ್ಲಿ ಈಗ ಬಸಳೆ ನೆಡಬಹುದಾ?

ತಜ್ಞೆ: ನೆಡಬಹುದು, ಬಸಳೆಗೆ ಈ ರೋಗದ ಭಯ ಇಲ್ಲ. ಬಲಿತ ದಂಟು ಒಂದಡಿ, ಎರಡು ಗಂಟು ಮಣ್ಣೊಳಗೆ. ತೆಂಗಿನ ಮಡಲಿನ ನೆರಳು ಹತ್ತು ದಿನ. ಬಕೆಟ್ ಈಗ ಎಲ್ಲುಂಟು? ಅದಕ್ಕೆ ನೀವು ಉತ್ತರ ಕೊಡಲಿಲ್ಲ.

ಕಟಪಾಡಿ: ಅಂಗಳದ ಮೂಲೆಯಲ್ಲಿ, ತೆಂಗಿನ ಬುಡದಲ್ಲಿ. ಮುಚ್ಚಲಿಲ್ಲ. ಬಾವಿ ಆಚೆ ಬದಿ.

ತಜ್ಞೆ: ಹಾಗೇ ಇರಲಿ. ಮಕ್ಕಳು, ದನ, ನಾಯಿ ಅತ್ತ ಹೋಗದ ಹಾಗೆ ಅಡ್ಡ ಇಡಿ. ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ. ನಾಡಿದ್ದು ಬೆಳಿಗ್ಗೆ ವಾಸನೆ ಹೋಗಿದ್ಯಾ ಅಂತ ದೂರದಿಂದಲೇ ನೋಡಿ ಇಲ್ಲಿ ಬರೆಯಿರಿ, ಎಲ್ಲಿ ಸುರಿಯುವುದು ಅಂತ ಆಗ ಹೇಳ್ತೇನೆ.