ಅಪ್‌ಡೇಟ್: ಗೂಬೆ ಮರಿ ಕೊನೆಗೂ ತಿಂದಿತು

ಬದಿಯಡ್ಕದ ಅಡಿಕೆ ತೋಟದಿಂದ ನಮ್ಮ ಆರೈಕೆ ಕೇಂದ್ರಕ್ಕೆ ಬಂದ ಬಿಳಿ ಮುಖದ ಗೂಬೆ ಮರಿ ಏನೂ ತಿನ್ನುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಹಾಲು-ಬ್ರೆಡ್ ಕೊಡಲಿಲ್ಲ, ಹಕ್ಕಿಗಳಿಗೆ ಹಾಲು ಜೀರ್ಣವಾಗಲ್ಲ. ಕೋಳಿ ಮಾಂಸದ ತುಂಡನ್ನು ಎರಡು ದಿನ ಉಗುಳಿತು. ಎಲುಬಿಲ್ಲದ ಮಾಂಸ ಮಾತ್ರ ಕೊಟ್ಟರೆ ಕ್ಯಾಲ್ಸಿಯಂ ಸಾಲದೆ ಮೂಳೆ ಬಾಗುತ್ತದಂತೆ, ಅದೂ ಈಗಲೇ ಗೊತ್ತಾಗಿದ್ದು.

ಫಲ ಕೊಟ್ಟಿದ್ದು ಇಲಿ ತಿನ್ನಿಸಿ ನೋಡಿ ಎಂಬ ಸಲಹೆ. ಬೋನಿಗೆ ಬಿದ್ದ ಇಲಿಯನ್ನು (ವಿಷ ತಿಂದದ್ದು ಬೇಡವೇ ಬೇಡ) ಕೂದಲು, ಮೂಳೆ ಸಮೇತ ಕತ್ತರಿಸಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕೊಕ್ಕಿನ ಪಕ್ಕದ ಕೂದಲಿನಂಥ ಸಣ್ಣ ಗರಿಗಳಿಗೆ ತಾಗಿಸಿದೆ, ಗಬಕ್ಕನೆ ಹಿಡಿಯಿತು! ಮರುದಿನ ಕಪ್ಪು ಉಂಡೆಯೊಂದನ್ನು ಕಕ್ಕಿದಾಗ ಜೀವ ಹೋದಂತಾಯಿತು. ಬಿಡಿಸಿದರೆ ಇಲಿಯ ಕೂದಲು, ಪುಟ್ಟ ಹಲ್ಲು. ಗೂಬೆಗೆ ಅದು ಮಾಮೂಲಂತೆ. ಅರಣ್ಯ ಇಲಾಖೆಗೆ ಮೊದಲ ದಿನವೇ ತಿಳಿಸಿದ್ದೆವು. ಈಗ ರೆಕ್ಕೆ ಬಡಿಯುತ್ತಿದೆ.