ರಾತ್ರಿ ಬ್ಯಾಕಪ್ ಹೊತ್ತಿಗೆ ಸ್ನ್ಯಾಪ್‌ಶಾಟ್ ಫೇಲ್, ಹಗಲಲ್ಲಿ ಸರಾಗ: ಅನುಭವ ಇದ್ದವರು ಹೇಳಿ

ಖರಾಡಿ, ಪುಣೆ: ವಿಎಂವೇರ್ (ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ಸಾಫ್ಟ್‌ವೇರ್) ಮೇಲಿರುವ ನಮ್ಮ ಎಸ್‌ಕ್ಯೂಎಲ್ ಡೇಟಾಬೇಸ್ ವಿಎಂ, ಅಂದರೆ ವರ್ಚುವಲ್ ಸರ್ವರ್, ರಾತ್ರಿ ಬ್ಯಾಕಪ್‌ಗೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿ ಹಿಡಿದಿಡೋದು) ತೆಗೆಯುವಾಗ ಎರರ್ ಕೊಡುತ್ತೆ. ಫ್ರೀಜ್ ಆದ ವಿಎಂನಲ್ಲಿ ಐಒ (ಡಿಸ್ಕ್ ಓದು-ಬರಹ) ತಡೆಹಿಡಿಯುವ ಸಮಯ ಮೀರಿತು ಅನ್ನೋ ಅರ್ಥದ್ದು. ಹಗಲು ಕೈಯಾರೆ ತೆಗೆದರೆ ಏನೂ ತಕರಾರಿಲ್ಲ. ಸ್ಟೋರೇಜ್‌ನವರು ವಿಂಡೋಸ್‌ನವರ ಕಡೆ, ವಿಂಡೋಸ್‌ನವರು ಸ್ಟೋರೇಜ್ ಕಡೆ ಬೆರಳು ತೋರಿಸ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಹಿಂಜವಡಿ, ಪುಣೆ: ಹಗಲು ತೆಗೆಯುವಾಗ ಕ್ವಿಯೆಸ್ ಟಿಕ್ (ಸ್ನ್ಯಾಪ್‌ಶಾಟ್‌ಗೆ ಮುನ್ನ ವಿಎಂ ಒಳಗಿನ ಬರಹ ತಡೆಯುವ ಆಯ್ಕೆ) ಇತ್ತಾ? ಬಹಳ ಮಂದಿ ಟಿಕ್ ಇಲ್ಲದೆ ತೆಗೆದು ‘ಹಗಲು ಆಗುತ್ತಲ್ಲ’ ಅಂತಾರೆ. ಟಿಕ್ ಇಲ್ಲದೆ ಆಗಿ, ಹಾಕಿದಾಗ ಕೈಕೊಟ್ಟರೆ ಮೊದಲು ನೋಡಬೇಕಾದ್ದು ವಿಂಡೋಸ್ ಒಳಗಿನ ವಿಎಸ್‌ಎಸ್, ಸ್ನ್ಯಾಪ್‌ಶಾಟ್‌ಗೆ ಅಪ್ಲಿಕೇಶನ್‌ಗಳನ್ನು ಅಣಿಮಾಡುವ ಸೇವೆ. ಅದು ಡೇಟಾಬೇಸನ್ನು ತಡೆದು ನಿಲ್ಲಿಸೋಕೆ ಗಡುವಿದೆ: ಫ್ರೀಜ್‌ನಿಂದ ಬಿಡುಗಡೆವರೆಗೆ 60 ಸೆಕೆಂಡ್, ಅದರೊಳಗೆ ಐಒ ಹಿಡಿದಿಡುವ ಹಂತಕ್ಕೆ ಬರೀ 10. ಇಂಡೆಕ್ಸ್ ರೀಬಿಲ್ಡ್ (ಡೇಟಾಬೇಸ್ ಸೂಚಿ ಮರುಕಟ್ಟೋದು), ಆಂಟಿವೈರಸ್ ಸ್ಕ್ಯಾನ್, ಬ್ಯಾಕಪ್ ಮೂರೂ ಒಂದೇ ಹೊತ್ತಿಗೆ ಬಿದ್ದರೆ ಆ 10 ಸೆಕೆಂಡ್ ಎಲ್ಲಿ ಸಾಲುತ್ತೆ?

ಹಾಗಂತ ಸ್ಟೋರೇಜ್‌ನವರನ್ನು ಸುಮ್ಮನೆ ಬಿಡಬೇಡಿ. ಡಿಸ್ಕ್ ನಿಧಾನ ಆದರೂ ಇದೇ ಎರರ್ ಬರುತ್ತೆ. ಲೇಟೆನ್ಸಿ (ಡಿಸ್ಕ್ ಉತ್ತರಿಸಲು ಹಿಡಿಯುವ ಸಮಯ) ಗ್ರಾಫ್ ಕೇಳಿ, ಫೇಲ್ ಆದ ನಿಮಿಷದ್ದೇ ಕೇಳಿ. ದಿನದ ಸರಾಸರಿ ಕೊಟ್ಟು ಸಾಗಹಾಕೋದು ಅವರಿಗೆ ಅಭ್ಯಾಸ. ಇನ್ನು ಎರರ್ ಬಂದ ಕೂಡಲೇ ‘ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್’ ಕಮಾಂಡ್ ಓಡಿಸಿ, ರೈಟರ್‌ಗಳ (ಅಪ್ಲಿಕೇಶನ್ ಪರ ವಿಎಸ್‌ಎಸ್‌ಗೆ ಸ್ಪಂದಿಸುವ ಭಾಗಗಳು) ಸ್ಥಿತಿ ತೋರಿಸುತ್ತೆ. ಬೆಳಿಗ್ಗೆ ರೀಬೂಟ್ ಮಾಡಿ ನೋಡಿದರೆ ಎಲ್ಲ ರೈಟರ್‌ಗಳೂ ಇನ್ಸ್‌ಪೆಕ್ಷನ್ ದಿನದ ಶಾಲಾ ಮಕ್ಕಳ ಹಾಗೆ ‘ಸ್ಟೇಬಲ್’ ಅಂತ ನಿಂತಿರ್ತಾವೆ. ಎಸ್‌ಕ್ಯೂಎಲ್ ರೈಟರ್ ಒಂದೇ ಕೆಟ್ಟಿದ್ದರೆ ಆ ಸರ್ವಿಸ್ ರೀಸ್ಟಾರ್ಟ್ ಮಾಡಿ ನೋಡಿ, ಇಡೀ ಸರ್ವರ್ ಮುಟ್ಟೋ ಮೊದಲು.

ಐರೋಳಿ, ನವಿ ಮುಂಬೈ: ಅವರು ಹೇಳಿದ್ದು ಖರೆ. ಅದರ ಜೋಡಿ ವಿಎಂ ಫೋಲ್ಡರ್‌ನೂ ತೆರೆದು ನೋಡ್ರಿ. ಸ್ನ್ಯಾಪ್‌ಶಾಟ್ ಮ್ಯಾನೇಜರ್ ಖಾಲಿ ತೋರಸ್ತದ, ಫೋಲ್ಡರ್‌ನ್ಯಾಗ ಮಾತ್ರ 000001, 000002 ಅಂತ ವಿಎಂಡಿಕೆ (ವಿಎಂನ ಡಿಸ್ಕ್ ಫೈಲ್) ಸಾಲಾಗಿ ಕುಂತಿರ್ತಾವ. ಹಿಂದ ಫೇಲ್ ಆದ ಬ್ಯಾಕಪ್‌ಗಳ ಕಸ ಅದು. ಸ್ನ್ಯಾಪ್‌ಶಾಟ್ ತಗೊಂಡ ಮ್ಯಾಲೆ ಹೊಸಾ ಡೇಟಾ ಎಲ್ಲಾ ಈ ಡೆಲ್ಟಾ ಫೈಲಿಗೇ ಹೋಗ್ತದ, ಅದಕ್ಕ ಸರಪಳಿ ಬೆಳೆದಷ್ಟೂ ವಿಎಂ ಭಾರ ಆಗ್ತದ. ಸರಪಳಿ ಮಿತಿ 32 ಸ್ನ್ಯಾಪ್‌ಶಾಟ್, ಆದ್ರ 2–3 ದಾಟಬ್ಯಾಡ್ರಿ, 72 ತಾಸಿಗಿಂತ ಹೆಚ್ಚು ಇಡಬ್ಯಾಡ್ರಿ ಅಂತ ವಿಎಂವೇರ್‌ನವರೇ ಹೇಳ್ತಾರ.

ಕನ್ಸಾಲಿಡೇಟ್ (ಡೆಲ್ಟಾಗಳನ್ನ ಮೂಲ ಡಿಸ್ಕಿಗೆ ಕೂಡಸೋದು) ಕೊಟ್ಟಾಗ ಫೈಲ್ ಲಾಕ್ ಆಗೇದ ಅಂದ್ರ ಬ್ಯಾಕಪ್ ಪ್ರಾಕ್ಸಿ (ಬ್ಯಾಕಪ್‌ಗೆ ಡೇಟಾ ಓದೋ) ವಿಎಂನ ಸೆಟ್ಟಿಂಗ್ಸ್ ನೋಡ್ರಿ, ಹಾಟ್-ಆಡ್ ಮಾಡಿದ (ಓಡುವಾಗಲೇ ಜೋಡಿಸಿದ) ಡಿಸ್ಕ್ ಅಲ್ಲೇ ಸಿಕ್ಕೊಂಡಿರ್ತದ. ಬ್ಯಾಕಪ್ ಓಡತಿಲ್ಲ ಅಂತ ಖಾತ್ರಿ ಮಾಡ್ಕೊಂಡು ತೆಗೀರಿ. ಡೇಟಾಸ್ಟೋರ್‌ನಿಂದ (ವಿಎಂ ಫೈಲ್ ಇಡೋ ಜಾಗ) ಫೈಲ್ ಅಳಸೋ ಟಿಕ್ ಮಾತ್ರ ಹಾಕಬ್ಯಾಡ್ರಿ ಮತ್ತ, ಆ ಡಿಸ್ಕ್ ನಿಮ್ಮ ಎಸ್‌ಕ್ಯೂಎಲ್‌ದೇ! ಡೆಲ್ಟಾ ಫೈಲ್ ಕೈಯಾರೆ ಅಳಸೋ ಮಾತಂತೂ ಬ್ಯಾಡೇ ಬ್ಯಾಡ. ಥಿನ್ ಲನ್ (ಬಳಸಿದಷ್ಟೇ ಜಾಗ ಹಿಡಿಯೋ ಸ್ಟೋರೇಜ್ ತುಂಡು) ಇದ್ರ ಇನ್ನೊಂದು ಕಾಟ: ಡೇಟಾಸ್ಟೋರ್‌ನ್ಯಾಗ ಜಾಗ ಕಾಣಸ್ತದ, ಸ್ಟೋರೇಜ್ ಪೂಲ್ ತುಂಬಿರ್ತದ. ಎರಡೂ ಕಡೆ ನೋಡ್ರಿ.

ವೆರ್ಣಾ, ಗೋವಾ: ಫಿಸಿಕಲ್ ಆರ್‌ಡಿಎಂ (ವಿಎಂಗೆ ನೇರ ಕೊಟ್ಟ ಸ್ಟೋರೇಜ್ ಡಿಸ್ಕ್) ಇದ್ದರೆ ಆ ಡಿಸ್ಕ್‌ಗೆ ಸ್ನ್ಯಾಪ್‌ಶಾಟೇ ಇಲ್ಲ, ಆದರೆ ಹಗಲು ಆಗುತ್ತೆ ಅಂದಮೇಲೆ ನಿಮ್ಮದು ಅದಲ್ಲ. ಯಾರಾದರೂ ‘ಸ್ಟೋರೇಜ್ ಕಡೆಯಿಂದಲೇ ಸ್ನ್ಯಾಪ್‌ಶಾಟ್ ತೆಗೆದುಬಿಡೋಣ’ ಅಂದರೆ ಒಪ್ಪೋ ಮುಂಚೆ ಯೋಚಿಸಿ. ಬೇಗ ಆಗುತ್ತೆ ನಿಜ. ವಿಎಂಗೆ ಹೇಳದೆ ತೆಗೆದದ್ದು ಕ್ರ್ಯಾಶ್-ಕನ್ಸಿಸ್ಟೆಂಟ್ ಅಷ್ಟೇ, ಅಂದರೆ ದಿಢೀರ್ ಕರೆಂಟ್ ಹೋದಾಗಿನ ಸ್ಥಿತಿ. ರಿಸ್ಟೋರ್ ಮಾಡಿದಾಗ ಎಸ್‌ಕ್ಯೂಎಲ್ ರಿಕವರಿ ಮಾಡಿಕೊಂಡೇ ಏಳಬೇಕು.

ಖರಾಡಿ: ಕ್ವಿಯೆಸ್ ಟಿಕ್ ಹಾಕಿಯೇ ಹಗಲು ತೆಗೆದೆ, ಆಯಿತು. ಇಂಡೆಕ್ಸ್ ರೀಬಿಲ್ಡ್ ಬ್ಯಾಕಪ್ ಹೊತ್ತಿಗೇ ಇದೆ. ಅದನ್ನು ಬದಲಿಸಬೇಕಾದ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಅಲ್ಲಿತನಕ ಬ್ಯಾಕಪ್ ಜಾಬನ್ನೇ ಮುಂದಕ್ಕೆ ಹಾಕ್ತೀನಿ. ಫೋಲ್ಡರ್‌ನಲ್ಲಿ 000003ರ ತನಕ ಇವೆ, ಪ್ರಾಕ್ಸಿಯಲ್ಲಿ ಡಿಸ್ಕೂ ಸಿಕ್ಕಿತು.

ಐರೋಳಿ: ಹಂಗಾದ್ರ ಕನ್ಸಾಲಿಡೇಟ್ ಲೋಡ್ ಕಡಿಮಿ ಇದ್ದಾಗ ಮಾಡ್ರಿ. ಕೊನೀಗೆ ವಿಎಂ ತುಸು ಹೊತ್ತು ನಿಂತು ಬಿಡ್ತದ, ಅಪ್ಲಿಕೇಶನ್‌ನವರಿಗೆ ಮೊದಲೇ ಹೇಳಿಡ್ರಿ.