ರಾಯರ 13.2 ವೋಲ್ಟು

ಒಳಗೇ ಉಂಡು ಮಲಗಬಹುದಾದ ಕ್ಯಾಂಪರ್ ವ್ಯಾನಿನ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಉಳಿದಿದೆ ಎಂಬುದನ್ನು ವೋಲ್ಟ್‌ಮೀಟರಿನ ಮೇಲೊಮ್ಮೆ ಕಣ್ಣಾಡಿಸಿಯೇ ಹೇಳಬಲ್ಲೆನೆಂಬುದು ನಮ್ಮ ರಾಯರ ನಂಬಿಕೆ. ಬೆಳಿಗ್ಗೆ ನೋಡಿದರೂ 13.2, ಸಂಜೆ ನೋಡಿದರೂ 13.2 ಇರುವುದರಿಂದ ತಮ್ಮ ಲಿಥಿಯಂ ಬ್ಯಾಟರಿ ಅಕ್ಷಯಪಾತ್ರೆಯೇ ಸರಿ ಎಂದು ಅವರು ಘೋಷಿಸಿದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ರಾಯರೇ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವವೇ ಅದು. ಮುಕ್ಕಾಲು ಭಾಗ ತುಂಬಿರುವಾಗಲೂ ಅರ್ಧಕ್ಕಿಳಿದಿರುವಾಗಲೂ ವೋಲ್ಟೇಜು ಹೆಚ್ಚುಕಡಿಮೆ ಅಷ್ಟೇ ಇದ್ದು, ಕೊನೆಯ ಪಾಲಿಗೆ ಬಂದಾಗ ದಿಢೀರನೆ ಕುಸಿಯುತ್ತದೆ. ನಿಮ್ಮ ಪಾತ್ರೆಯ ತಳ ಕಾಣುವುದು ನಡುರಾತ್ರಿಯಲ್ಲಿ, ಫ್ರಿಜ್ಜು ನಿಂತ ಮೇಲೆ."

"ಹಾಗಾದರೆ ನನ್ನ ಹಳೆಯ ಸೀಸದ ಬ್ಯಾಟರಿಯೇ ಪ್ರಾಮಾಣಿಕ," ಎಂದು ನಾಣಿ ಬೀಗಿದ. "12.7 ಎಂದರೆ ತುಂಬಿದೆ, 12.1 ಎಂದರೆ ಸುಮಾರು ಅರ್ಧ."

"ಅದೂ ಕೆಲವು ಗಂಟೆ ವಿಶ್ರಾಂತಿ ಕೊಟ್ಟು ಅಳೆದರೆ ಮಾತ್ರ ನಿಜವಪ್ಪ. ಏನಾದರೂ ಓಡುತ್ತಿರುವಾಗ ಅಳೆದರೆ ಕಡಿಮೆ ತೋರಿಸುತ್ತದೆ, ಚಾರ್ಜ್ ಆಗುತ್ತಿರುವಾಗ ಅಳೆದರೆ ಹೆಚ್ಚು ತೋರಿಸುತ್ತದೆ."

"ಅಂದರೆ ಫ್ರಿಜ್ಜು ನಿಲ್ಲಿಸಿ, ಸೋಲಾರ್ ಪ್ಯಾನೆಲ್ಲಿಗೆ ಕಂಬಳಿ ಹೊದಿಸಿ, ಕತ್ತಲಲ್ಲಿ ಗಂಟೆಗಟ್ಟಲೆ ಕುಳಿತರೆ, ದೀಪ ಹಚ್ಚುವಷ್ಟು ವಿದ್ಯುತ್ತು ಇದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ ಎನ್ನಿ," ಎಂದರು ರಾಯರು.

ಮೇಷ್ಟ್ರು ಹೇಳಿದ ಮದ್ದು ಷಂಟ್. ಅದು ಬ್ಯಾಟರಿಯ ನೆಗೆಟಿವ್ ತುದಿಗೂ ಉಳಿದೆಲ್ಲ ಉಪಕರಣಗಳಿಗೂ ನಡುವೆ ಕೂರಿಸುವ, ಅತ್ಯಲ್ಪ ರೋಧವುಳ್ಳ ಲೋಹದ ತುಂಡು. ಸಾಮಾನ್ಯವಾಗಿ ಬಳಸುವ ಒಂದು ಬಗೆಯಲ್ಲಿ 500 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಉಂಟಾಗುತ್ತದೆ. ಆ ಚಿಕ್ಕ ವ್ಯತ್ಯಾಸವನ್ನು ಎಡೆಬಿಡದೆ ಅಳೆದು, ಒಳಗೆ ಬಂದದ್ದನ್ನು ಕೂಡಿ, ಹೊರಗೆ ಹೋದದ್ದನ್ನು ಕಳೆದು, ಉಳಿದದ್ದನ್ನು ಅದಕ್ಕೆ ಜೋಡಿಸಿದ ಮಾನಿಟರ್ ತನ್ನ ಪರದೆಯ ಮೇಲೆ ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು) ಲೆಕ್ಕದಲ್ಲಿ ತೋರಿಸುತ್ತದೆ.

"ಕಣ್ಣೆದುರಿಗಿರುವ 13 ವೋಲ್ಟನ್ನು ನಂಬಬಾರದು, 50 ಮಿಲಿವೋಲ್ಟನ್ನು ನಂಬಬೇಕು! ಒಳ್ಳೆಯ ಶಾಸ್ತ್ರ!" ಎಂದು ಗೊಣಗಿದರೂ ರಾಯರು ಷಂಟ್ ಹಾಕಿಸಲು ಒಪ್ಪಿದರು. ನಾಣಿ ವಿದ್ಯುತ್ ಕೆಟಲಿನಲ್ಲಿ ಚಹಾ ಮಾಡಿ ಬ್ಯಾಟರಿ ಖಾಲಿ ಮಾಡುತ್ತಾನೆಂಬ ತಮ್ಮ ಹಳೆಯ ದೂರಿಗೆ ಅದರಿಂದ ಸಾಕ್ಷಿ ಸಿಗುತ್ತದೆಂಬುದು ಅವರ ಒಳಗಿನ ಆಸೆಯಾಗಿತ್ತು.

ಸಾಕ್ಷಿ ಸಿಕ್ಕಿತು, ಆದರೆ ತಿರುಗಿಬಿದ್ದಿತು. ಸಾವಿರ ವಾಟಿನ ಕೆಟಲು ಇನ್ವರ್ಟರಿನ ಮೂಲಕ 12 ವೋಲ್ಟಿನ ಬ್ಯಾಟರಿಯಿಂದ 90 ಆಂಪಿಯರಿನಷ್ಟು ಎಳೆಯುವುದನ್ನು ಪರದೆಯ ಮೇಲೆ ಕಂಡು ರಾಯರು ಎದೆ ಹಿಡಿದುಕೊಂಡರೇನೋ ನಿಜ. ಆದರೆ ಐದು ನಿಮಿಷದಲ್ಲಿ ನೀರು ಕುದಿದಾಗ ಖರ್ಚಾದದ್ದು ಏಳೂವರೆ ಆಂಪಿಯರ್-ಅವರ್ ಮಾತ್ರ. ಅನಂತರ ಎಲ್ಲವನ್ನೂ ಆರಿಸಿದ ಮೇಲೂ ಪರದೆ ಒಂದೂವರೆ ಆಂಪಿಯರ್ ತೋರಿಸುತ್ತಲೇ ಇತ್ತು. ಹುಡುಕಿದರೆ, ರಾಯರು ತಮ್ಮ ಕ್ಷೌರದ ಯಂತ್ರಕ್ಕೆಂದು ಹಗಲುರಾತ್ರಿ ಚಾಲೂ ಇಟ್ಟಿದ್ದ ಇನ್ವರ್ಟರೇ ಬರಿದೆ ಓಡುತ್ತಾ ಅಷ್ಟನ್ನು ನುಂಗುತ್ತಿತ್ತು.

"ಒಂದೂವರೆಯನ್ನು ಇಪ್ಪತ್ತನಾಲ್ಕು ಗಂಟೆಯಿಂದ ಗುಣಿಸಿ," ಎಂದರು ಮೇಷ್ಟ್ರು. "ದಿನಕ್ಕೆ 36 ಆಂಪಿಯರ್-ಅವರ್."

"ಸುಮಾರು ಐದು ಸಲದ ಚಹಾ," ಎಂದು ನಾಣಿ ಥಟ್ಟನೆ ಭಾಗಿಸಿ ಹೇಳಿದ. "ಅದೂ ಗಡ್ಡ ಬಿಟ್ಟಿರುವ ಮನುಷ್ಯನಿಗೆ!"

ಇಷ್ಟಾದ ಮೇಲೆ ಇನ್ವರ್ಟರ್ ಆರಿತು, ಮರುದಿನ ಸಂಜೆ ಪರದೆ 99 ಪ್ರತಿಶತ ತೋರಿಸಿತು. ದಿನವಿಡೀ ಮೋಡ ಕವಿದಿತ್ತು, ಫ್ರಿಜ್ಜು ಓಡುತ್ತಲೇ ಇತ್ತು. ಆದರೂ ಕಡಿಮೆಯಾದದ್ದು ಒಂದೇ ಒಂದು ಅಂಶ. ರಾಯರು ಹಿಗ್ಗಿದರು, ಮೇಷ್ಟ್ರು ಟಾರ್ಚು ಹಿಡಿದು ಸೀಟಿನ ಕೆಳಗೆ ತೂರಿದರು. ಹತ್ತಿರವಾಗುತ್ತದೆಂದು ಫ್ರಿಜ್ಜಿನ ನೆಗೆಟಿವ್ ತಂತಿಯನ್ನು ಯಾರೋ ಷಂಟಿನಾಚೆಯ ಬದಲು ನೇರವಾಗಿ ಬ್ಯಾಟರಿಯ ತುದಿಗೇ ಬಿಗಿದಿದ್ದರು. ಆ ದಾರಿಯಲ್ಲಿ ಹರಿದ ವಿದ್ಯುತ್ತು ಷಂಟನ್ನು ಹಾಯುವುದೇ ಇಲ್ಲವಾದ್ದರಿಂದ ಫ್ರಿಜ್ಜಿನ ಇಡೀ ದಿನದ ಖರ್ಚು ಲೆಕ್ಕಕ್ಕೇ ಸೇರಿರಲಿಲ್ಲ.

"ತಂತಿಯನ್ನು ಷಂಟಿನ ಇನ್ನೊಂದು ಬದಿಗೆ ಬದಲಾಯಿಸಿ, ಒಮ್ಮೆ ಪೂರ್ತಿ ಚಾರ್ಜ್ ಮಾಡಿ ನೂರಕ್ಕೆ ಹೊಂದಿಸಿದರೆ ಎಣಿಕೆ ಸರಿಹೋಗುತ್ತದೆ," ಎಂದು ಮೇಷ್ಟ್ರು ಒಳಗಿನಿಂದಲೇ ಕೂಗಿದರು. "ಆಗಾಗ ಹೀಗೆ ತುಂಬಿಸುತ್ತಿರಬೇಕು, ಇಲ್ಲವಾದರೆ ಸಣ್ಣಪುಟ್ಟ ತಪ್ಪುಗಳು ಕೂಡುತ್ತಾ ಹೋಗುತ್ತವೆ."

ರಾಯರು ಪರದೆಯ ಮೇಲಿನ 99ನ್ನು ಮತ್ತೊಮ್ಮೆ ಕಣ್ತುಂಬಾ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಮೇಷ್ಟ್ರೇ, ಇನ್ವರ್ಟರಿನ ತಂತಿಯನ್ನೂ ಅಲ್ಲಿಗೇ ಬಿಗಿಯಲು ಬರುತ್ತದೆಯೇ?"